ಬಯಲಾಗ ಒಟ್ಟಿದ ಕಟ್ಟಿಗಿಗೆ ಮಳಿಗಾಲಕ್ಕ ಏನು ಹೊಚ್ಚಬೇಕು? ತಾಡಪತ್ರಿನೋ, ತಗಡೋ?

ನವಲೂರ ಪೇರಲ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರೀ. ನಾವು ಆರು ಮಂದಿ ಹೆಣ್ಮಕ್ಕಳು ಸೇರಿ ಜೋಳದ ರೊಟ್ಟಿ ಮಾಡಿ ಅಂಗಡಿಗೆ ಕೊಡ್ತೀವಿ. ದಿನಾ ಎರಡು ಒಲಿ ಉರೀತಾವ. ಜಾಗ ಧಾರವಾಡದ ಹೊರಗ, ಕಲಘಟಗಿ ರಸ್ತೆ ಕಡೆ.

ಕಟ್ಟಿಗಿ ಸುಮಾರು 3 ಟನ್ ಐತಿ. ಹೆಚ್ಚಿಂದು ಜಾಲಿ, ಸ್ವಲ್ಪ ನೀಲಗಿರಿ. ಚೈತ್ರದಾಗ ಇಳಿಸಿದ್ದು. ಮುಕ್ಕಾಲು ಪಾಲು ಸೀಳಿದ್ದು, ಉಳಿದದ್ದು ಇಡೀ ದಿಮ್ಮಿ. ಒಟ್ಟಿಲು 12 ಫೂಟು ಉದ್ದ, 4 ಫೂಟು ಅಗಲ, 5 ಫೂಟು ಎತ್ತರ, ಸೀದಾ ನೆಲದ ಮ್ಯಾಲೆ ಐತಿ. ನೆಲ ಕೆಂಪು ಮಣ್ಣು. ಮೂಡಲಕ್ಕ 8 ಫೂಟು ದೂರದಾಗ ಮನಿ, ಪಡುವಲಕ್ಕ ಖುಲ್ಲಾ ಹೊಲ.

ಹೋದ ವರ್ಷ ನೀಲಿ ತಾಡಪತ್ರಿ ನೆಲದ ತನಕ ಹೊಚ್ಚಿ ಸುತ್ತ ಕಲ್ಲು ಹೇರಿದ್ರೂ ಒಳಗಿನ ಕಟ್ಟಿಗಿ ಬೂಷ್ಟ ಹಿಡೀತು. ತಾಡಪತ್ರಿನೂ ದೀಪಾವಳಿ ಹೊತ್ತಿಗೆ ಚಿಂದಿ. ಈ ಸಲ ಮಿರಗ ಕೂಡಾಕ ಮೂರು ವಾರ ಉಳದಾವ. ದಪ್ಪ ತಾಡಪತ್ರಿ ತರೂದೋ, ಸಿಲ್ಪಾಲಿನ್ನೋ, ತಗಡಿನ ಚಪ್ಪರನೋ? ಹಳೇ ಫ್ಲೆಕ್ಸ್ ಬ್ಯಾನರ್ ಪುಕಟ ಸಿಗತಾವ, ಅವು ನಡೀತಾವೇನು? ಒಬ್ಬಾಕಿನ ತಗದು ಮತ್ತ ಹೊಚ್ಚುವಂಗಿರಬೇಕು, ಅದು ಮುಖ್ಯ.

ಸಾಧನಕೇರಿ, ಧಾರವಾಡ

ಅಕ್ಕಾರ, ಬೂಷ್ಟ ಬಂದದ್ದು ಮಳಿ ನೀರಿಂದ ಅಲ್ರೀ, ಕಟ್ಟಿಗಿಯೊಳಗಿನ ನೀರಿಂದ. ಹಸಿ ಜಾಲಿಯೊಳಗ ಒಣಗಿದ ಕಟ್ಟಿಗಿ ತೂಕದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ನೀರು ಇರತದ. ಒಲಿಗೆ ಹಾಕಬೇಕಂದ್ರ ಅದು ಶೇಕಡಾ 20ಕ್ಕಿಂತ ಕೆಳಗ ಇಳೀಬೇಕು. ಹಗಲ ಬಿಸಿಲಿಗೆ ಆ ನೀರು ಆವಿಯಾಗಿ ಹೊರಗ ಬರತದ. ನೆಲದ ತನಕ ಪ್ಲಾಸ್ಟಿಕ್ ಹೊಚ್ಚಿ ಕಲ್ಲು ಹೇರಿದ್ರ ಅದು ಹೋಗಲಿಕ್ಕೆ ದಾರಿನೇ ಇಲ್ಲ. ರಾತ್ರಿ ಪ್ಲಾಸ್ಟಿಕ್ ತಣ್ಣಗಾದ ಮ್ಯಾಲೆ ಒಳಮೈಗೆ ಹನಿಗಟ್ಟಿ ತಿರುಗಿ ಅದೇ ಕಟ್ಟಿಗಿ ಮ್ಯಾಲೆ ಬೀಳತದ. ಮುಂಜಾನೆ ಆರಕ್ಕ ತಾಡಪತ್ರಿಯ ಒಂದು ಮೂಲಿ ಎತ್ತಿ ಒಳಗ ಕೈಯಾಡಿಸಿ ನೋಡ್ರಿ. ಹಿಂದಿನ ದಿನ ಹನಿ ಮಳಿ ಬರದಿದ್ರೂ ಅಂಗೈ ತೊಯ್ಯತದ.

ಹಂಗಾಗಿ ಏನು ಹೊಚ್ಚಬೇಕು ಅನ್ನೂದಕ್ಕಿಂತ ಎಷ್ಟು ಹೊಚ್ಚಬೇಕು ಅನ್ನೂದು ಮೊದಲ ಪ್ರಶ್ನೆ. ಮಳ್ಯಾಗ ಚೀಲದ ಕೊಪ್ಪಿ ಹಾಕ್ಕೊಂಡು ಹೊಲಕ್ಕ ಹೋಗ್ತಾರಲ್ಲ, ತಲಿ ಬೆನ್ನು ಮುಚ್ಚಿರತದ, ಮುಂದ ಗಾಳಿ ಆಡತದ, ಒಟ್ಟಿಲಿಗೂ ಅಷ್ಟೇ ಬೇಕು. ನೆತ್ತಿ ಪೂರ್ತಿ ಮುಚ್ಚಿರಬೇಕು. ಬದಿಗೆ ಒಂದು ಫೂಟು ಇಳಿಬಿದ್ರ ಸಾಕು. ಮಳಿಗಾಳಿ ಹೊಡೆಯೋ ಪಡುವಲ ಬದಿಗೆ ಮಾತ್ರ ಎರಡು ಫೂಟು ಇರಲಿ. ಉಳಿದ ಮೈ ಖುಲ್ಲಾ ಬಿಡ್ರಿ. ಬದಿಯಿಂದ ಇರಚಲು ಬಡಿದು ತುದಿ ಒಂದಿಷ್ಟು ತೊಯ್ದರ ಚಿಂತಿ ಇಲ್ಲ. ಅದು ಮ್ಯಾಲಿನ ತೇವ, ಗಾಳಿ ಆಡಿದ್ರ ಒಂದೆರಡು ದಿನದಾಗ ಆರತದ. ಒಳಗ ಸಿಕ್ಕಿಬಿದ್ದ ತೇವ ತಿಂಗಳುಗಟ್ಟಲೆ ಆರೂದಿಲ್ಲ.

ತಾಡಪತ್ರಿ ಕಟ್ಟಿಗಿಗೆ ಅಂಟಿ ಕೂಡಬಾರದು. ಒಟ್ಟಿಲಿನ ಎರಡೂ ಅಂಚಿಗೆ ಉದ್ದಕ್ಕ ಒಂದೊಂದು ಸಾಲು ದಪ್ಪ ದಿಮ್ಮಿ ಇಡ್ರಿ, ಅವುಗಳ ಮ್ಯಾಲೆ ಅಡ್ಡಕ್ಕ ಮೂರು ಫೂಟಿಗೊಂದು ಬಿದಿರಿನ ಗಳ. ತಾಡಪತ್ರಿ ಗಳದ ಮ್ಯಾಲೆ ಬರಲಿ. ನಡುವ ನಾಲ್ಕೈದು ಇಂಚು ಸಂದು ಸಿಗತದ, ಆವಿ ಅಲ್ಲಿಂದ ಹೊರಗ ಹೋಗತದ.

ಇನ್ನೊಂದು ಮಾತು. ಮೂರು ವಾರ ಬಿಸಿಲು ಉಳಿದದ, ಅದನ್ನ ಬಿಡಬ್ಯಾಡ್ರಿ. ಇಡೀ ದಿಮ್ಮಿಗಳನ್ನ ಈಗಲೇ ಸೀಳಿಸ್ರಿ. ಮಣಿಕಟ್ಟಿಗಿಂತ ದಪ್ಪ ಇದ್ದದ್ದೆಲ್ಲಾ ಎರಡು ಇಲ್ಲಾ ನಾಲ್ಕು ಹೋಳಾಗಲಿ. ತೊಗಟಿ ಸುತ್ತಿಕೊಂಡ ದಿಮ್ಮಿ ಒಳಗ ನೀರು ಹಿಡಕೊಂಡೇ ಕೂಡತದ. ಒಣಗಿದ್ದು ಹೆಂಗ ಗೊತ್ತಾಗತದ ಅಂದ್ರ, ಕೊಯ್ದ ತುದಿಗೆ ನಡುವಿಂದ ಅಂಚಿನ ಕಡೆ ಬಿರುಕು ಬಿಟ್ಟಿರತಾವ, ತೊಗಟಿ ಉಗುರಿಗೆ ಎದ್ದು ಬರತದ, ಎರಡು ಹೋಳು ಬಡಿದ್ರ ಟಣ್ ಅಂತದ. ಹಸೀದು ಡಬ್ ಅಂತದ. ಇನ್ನೂ ಖಾತ್ರಿ ಬೇಕಂದ್ರ ಮೂರು ಹೋಳಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗ್ರಿ. ತೂಕ ಇಳಿಯೂದು ನಿಂತ್ರ ಅದು ಒಲಿಗೆ ತಯಾರು.

ಉಣಕಲ್ ಕೆರಿ, ಹುಬ್ಬಳ್ಳಿ

ಸಾಧನಕೇರಿಯವರು ಹೇಳಿದ್ದು ಸರಿ ಐತಿ. ಮಾಲಿನ ಬಗ್ಗೆ ನಾ ಹೇಳ್ತೀನಿ.

ನೀಲಿ ತಾಡಪತ್ರಿ ಯಾಕ ಚಿಂದಿ ಆತು? ಪ್ಯಾಟ್ಯಾಗ ಅಗ್ಗದ ದರಕ್ಕ ಸಿಗೋದು ಬಹುತೇಕ 90 ಜಿಎಸ್‌ಎಂ ಆಸುಪಾಸಿಂದು. ಜಿಎಸ್‌ಎಂ ಅಂದ್ರ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅಂತ. ಅದು ಪ್ಲಾಸ್ಟಿಕ್ ಎಳಿ ನೇಯ್ದು ಎರಡೂ ಕಡೆ ತೆಳು ಪದರ ಹಚ್ಚಿದ ಮಾಲು. ಬಿಸಿಲಿನ ಅತಿನೇರಳೆ ಕಿರಣಕ್ಕ ಮೊದಲು ಮ್ಯಾಲಿನ ಪದರ ಹೊಟ್ಟಿನಂಗ ಉದುರತೈತಿ, ಆಮ್ಯಾಲೆ ನೇಯ್ಗಿಯೊಳಗಿಂದ ನೀರು ಜಿನುಗತೈತಿ, ಕಡೀಗೆ ಎಳಿ ಬಿಡತೈತಿ. ಆ ಚೂರು ದನದ ಹೊಟ್ಟಿಗೂ ಹೋಗತಾವ, ಹೊಲದಾಗೂ ಉಳೀತಾವ. ಅದಕ್ಕ ಚಿಂದಿ ಆಗಾಕ ಹತ್ತಿದ ಕೂಡಲೇ ತಗದುಬಿಡ್ರಿ.

ನಿಮಗ 200 ಜಿಎಸ್‌ಎಂ ಬೇಕು, ಯುವಿ ಅಂದ್ರ ಆ ಅತಿನೇರಳೆ ಕಿರಣ ತಡಿಯೋ ಮಾಲು. ಐಎಸ್ 7903 ಅಂತ ಭಾರತೀಯ ಮಾನಕದ ಗುರುತು ಇದ್ರ ಚಲೋ. ಚೀಟಿ ಮ್ಯಾಲೆ ಬರದದ್ದನ್ನ ನಂಬಬ್ಯಾಡ್ರಿ, ಅಂಗಡ್ಯಾಗ ತೂಕಕ್ಕ ಹಚ್ಚಸ್ರಿ. 12 × 15 ಫೂಟಿಂದು 180 ಚದರ ಫೂಟು, ಅಂದ್ರ 16.7 ಚದರ ಮೀಟರ್. 200 ಜಿಎಸ್‌ಎಂ ಖರೇ ಇದ್ರ ಸುಮಾರು 3 ಕಿಲೋ 300 ಗ್ರಾಂ ತೂಗಬೇಕು. 150 ಇದ್ರ 2 ಕಿಲೋ 500. ಚೀಟಿ ಮ್ಯಾಲೆ 200 ಇದ್ದು ಎರಡೂವರಿ ಕಿಲೋ ತೂಗಿದ್ರ ಅಲ್ಲೇ ಬಿಟ್ಟು ಬರ್ರಿ. ಅಳತಿನೂ ಟೇಪ್ ಹಿಡದು ನೋಡ್ರಿ. 15 ಫೂಟು ಅಂದದ್ದು ಅಂಚು ಮಡಚಿ ಹೊಲಿದ ಮ್ಯಾಲೆ ಹದಿನಾಲ್ಕೂವರಿ ಆಗಿರತೈತಿ. ಆಗ ತೂಕನೂ ಸ್ವಲ್ಪ ಕಮ್ಮಿ ಬರೂದು ಸಹಜ.

ಸಿಲ್ಪಾಲಿನ್ ಜಾತಿಯ ಮಾಲು ಬ್ಯಾರೆ. ಅದಕ್ಕ ನೇಯ್ಗಿ ಇಲ್ಲ, ಪದರಗಳನ್ನ ಅಡ್ಡ-ಉದ್ದ ಕೂಡಿಸಿ ಮಾಡಿರತಾರ. ಹಿಂಗಾಗಿ ಎಳಿ ಬಿಡೂದಿಲ್ಲ, ಒಂದು ಕಡೆ ತೂತು ಬಿದ್ರ ಹರಕೊಂಡು ಹೋಗೂದೂ ಕಮ್ಮಿ. ಎರಡು-ಮೂರು ಮಳಿಗಾಲ ಬೇಕಂದ್ರ ಅದನ್ನ ತಗೋರಿ.

ಲಾರಿಗೆ ಹಾಕೋ ಮೇಣದ ಕ್ಯಾನ್ವಾಸ್ ಬ್ಯಾಡ. ಗಾಳಿ ಆಡತೈತಿ ಅನ್ನೂದು ಖರೇ, ಆದ್ರ ಭಾರ, ತೊಯ್ದದ್ದನ್ನ ಮಡಚಿಟ್ರ ಹತ್ತಿ ಬಟ್ಟಿ ಕೊಳೀತೈತಿ. ಶೇಡ್ ನೆಟ್ ಬಿಸಿಲಿಗೆ ಮಾತ್ರ, ಮಳಿಗೆ ಉಪಯೋಗ ಇಲ್ಲ.

ಫ್ಲೆಕ್ಸ್: ಅದು ಪಿವಿಸಿ ಅನ್ನೋ ಪ್ಲಾಸ್ಟಿಕ್. ಬಿಸಿಲಿಗೆ ಬಿರುಸಾಗಿ ಮಡಚಿದ ಗೆರಿ ಮ್ಯಾಲೇ ಸೀಳತೈತಿ. ನೆತ್ತಿಗೆ ಹಾಕಬ್ಯಾಡ್ರಿ. ಈಗಾಗಲೇ ಬಿದ್ದಿದ್ರ ಪಡುವಲ ಬದಿಗೆ ಪರದಾ ಮಾಡಬಹುದು, ಒಂದು ಮಳಿಗಾಲ ತಡೀತೈತಿ. ಹರಿದ ಮ್ಯಾಲೆ ಒಲಿಗೆ ಮಾತ್ರ ಹಾಕಲೇಬ್ಯಾಡ್ರಿ. ಪಿವಿಸಿ ಸುಟ್ರ ಹೈಡ್ರೋಜನ್ ಕ್ಲೋರೈಡ್ ಹೊಗಿ ಏಳತೈತಿ, ಕಣ್ಣು, ಗಂಟಲು, ಪುಪ್ಪುಸ ಸುಡತೈತಿ. ರೊಟ್ಟಿ ಬೇಯೋ ಒಲಿ ಅದು.

ಕಪ್ಪತಗುಡ್ಡ, ಗದಗ

ಗದಗಿನ ಕಡೆ ಮಳಿಗಿಂತ ಗಾಳಿ ದೊಡ್ಡ ತ್ರಾಸು. ಗುಡ್ಡದ ಮ್ಯಾಲೆ ಗಾಳಿಯಂತ್ರ ಸುಮ್ನ ನಿಲ್ಲಿಸಿಲ್ಲ. ಮಿರಗಕ್ಕ ಮೊದಲ ಬರೋ ಅಡ್ಡಮಳಿಗಾಳಿಗೆ ಕಲ್ಲು ಹೇರಿದ ತಗಡು ಎದ್ದು ಹೋಗತಾವ. ತಗಡಿನ ಅಂಚು ಕುಡಗೋಲಿದ್ದಂಗ. ಮಂದಿ ಓಡಾಡೋ ಜಾಗದಾಗ ಬಿಗಿ ಇಲ್ಲದ ತಗಡು ಇಡಲೇಬಾರದು.

ಐದಾರು ವರ್ಷದ ಲೆಕ್ಕ ಹಾಕಿದ್ರ ಮಾತ್ರ ತಗಡು ಚಲೋ. ನಿಮ್ಮ ಒಟ್ಟಿಲಿಗೆ 14 ಫೂಟು ಉದ್ದ, 6 ಫೂಟು ಇಳಿಜಾರಿನ ಚಪ್ಪರ ಬೇಕು. 6 ಫೂಟಿನ ಸುಕ್ಕು ತಗಡು ತಗೊಂಡು ಇಳಿಜಾರಿನುದ್ದಕ್ಕ ಹಾಕ್ರಿ. ಒಂದರ ಅಂಚಿನ ಮ್ಯಾಲೆ ಇನ್ನೊಂದನ್ನ ಒಂದೂವರಿ ಸುಕ್ಕು ಏರಿಸಿದ್ರ ಒಂದು ಹಾಳಿ ಸುಮಾರು ಎರಡೂವರಿ ಫೂಟು ಮುಚ್ಚತೈತಿ, ಅಂದ್ರ 6 ಹಾಳಿ. ಏರಿಸಿದ ಅಂಚು ಗಾಳಿಗೆ ಬಾಯಿ ತೆರೆದಂಗ ಇರಬಾರದು. ಗಾಳಿ ಬರೋ ದಿಕ್ಕಿಗೆ ಬೆನ್ನು ಮಾಡಿ ಏರಿಸ್ರಿ. ಕಂಬ ಆರು. ಮೂಡಲಕ್ಕ 7 ಫೂಟು, ಪಡುವಲಕ್ಕ 6 ಫೂಟು ಎತ್ತರ. ಉದ್ದಕ್ಕ ಮೂರು ಪೈಪು. ರಬ್ಬರ್ ವಾಷರ್ ಇರೋ ಸ್ಕ್ರೂ ಸುಮಾರು 70 ಬೇಕಾಗತಾವ.

ಸ್ಕ್ರೂನ ಸುಕ್ಕಿನ ದಿಣ್ಣಿ ಮ್ಯಾಲೆ ಹೊಡೀರಿ, ತಗ್ಗಿನಾಗ ಅಲ್ಲ. ನೀರು ಹರಿಯೋದು ತಗ್ಗಿನಾಗ, ಅಲ್ಲಿ ತೂತು ಮಾಡಿದ್ರ ವಾಷರ್ ಒಣಗಿದ ವರ್ಷನ ಸೋರಾಕ ಹತ್ತತೈತಿ. ಬಿಗಿ ಮಾಡುವಾಗ ವಾಷರ್ ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಸ್ರಿ. ಇನ್ನೂ ತಿರುವಿದ್ರ ದಿಣ್ಣಿ ಅಪ್ಪಚ್ಚಿ ಆಗಿ ಅಲ್ಲೇ ನೀರು ನಿಲ್ಲತೈತಿ. ತಗಡು 0.5 ಮಿಮೀ ದಪ್ಪ, ಸತುವಿನ ಲೇಪ ಚದರ ಮೀಟರಿಗೆ 120 ಗ್ರಾಂಗಿಂತ ಕಮ್ಮಿ ಇರಬಾರದು.

ಹಳೇ ಸಿಮೆಂಟ್ ಶೀಟ್ ಯಾರರೆ ಕೊಟ್ರ ಕೊಯ್ಯೂದು, ತೂತು ಕೊರಿಯೂದು ಮಾಡಬ್ಯಾಡ್ರಿ. ಅದರ ಪುಡಿಯೊಳಗ ಕಲ್ನಾರಿನ ಎಳಿ ಇರತಾವ, ಪುಪ್ಪುಸಕ್ಕ ಹೊಕ್ರ ಹೊರಗ ಬರೂದಿಲ್ಲ.

ಎಲ್ಲಕ್ಕಿಂತ ಮೊದಲು ಬುಡ. ಮ್ಯಾಲೆ ಬಂಗಾರದ ಹಾಳಿ ಹೊಚ್ಚಿದ್ರೂ ಕಟ್ಟಿಗಿ ನೆಲಕ್ಕ ಹತ್ತಿದ್ರ ಕೆಳಗಿನ ಒಂದು ಫೂಟು ಹೋದಂಗನ. ತೇವನೂ ಕೆಳಗಿಂದ, ಗೆದ್ದಲೂ ಕೆಳಗಿಂದ. ಮಣ್ಣು ಒಂದಿಷ್ಟು ಎತ್ತರಿಸಿ ನಾಲ್ಕು ಇಂಚು ಗರಸು ಹಾಸಿ ದಮ್ಮಸು ಮಾಡಸ್ರಿ, ಪಡುವಲಕ್ಕ ಇಳುಕಲು ಇರಲಿ. ಅದರ ಮ್ಯಾಲೆ ಸಿಮೆಂಟ್ ಇಟ್ಟಂಗಿ ಇಲ್ಲಾ ಫರಸಿ ತುಂಡು, ಅದರ ಮ್ಯಾಲೆ ಉದ್ದಕ್ಕ ಎರಡು ಗಟ್ಟಿ ತೊಲಿ. ನೆಲಕ್ಕೂ ಕಟ್ಟಿಗಿಗೂ ಆರು ಇಂಚು ಸಂದು ಬೇಕು. ನಿಮ್ಮದು ಕೆಂಪು ಮಣ್ಣು, ತ್ರಾಸಿಲ್ಲ. ಎರಿ ಮಣ್ಣಿದ್ದವರು ಬರೇ ಇಟ್ಟಂಗಿ ಇಟ್ರ ಮಳಿಗಾಲದಾಗ ಅದು ಅಂಟುಮಣ್ಣಿನಾಗ ಕುಸೀತೈತಿ, ಒಟ್ಟಿಲು ಒಂದು ಕಡೆ ವಾಲತೈತಿ. ಅಲ್ಲಿ ಒಂದು ಫೂಟು ಎರಿ ತಗದು ಗರಸು ತುಂಬಬೇಕು, ಕಂಬದ ಕುಣಿನೂ ಎರಡೂವರಿ-ಮೂರು ಫೂಟು ಹೋಗಬೇಕು.

ವಾರಕ್ಕೊಮ್ಮೆ ಇಟ್ಟಂಗಿ ಬದಿ ನೋಡ್ರಿ. ಪೆನ್ಸಿಲ್ ದಪ್ಪದ ಮಣ್ಣಿನ ಗೆರಿ ಏರಿದ್ರ ಅದು ಗೆದ್ದಲಿನ ದಾರಿ, ಕೆರದು ಒಡೀರಿ. ಅಡಗಿ ಕಟ್ಟಿಗಿಗೆ ಗೆದ್ದಲಿನ ಔಷಧ ಸಿಂಪಡಿಸಬ್ಯಾಡ್ರಿ, ಉರಿದಾಗ ಅದೇ ಹೊಗ್ಯಾಗ ಬರತೈತಿ. ಮನಿ ಗ್ವಾಡಿಯಿಂದ 8 ಫೂಟು ದೂರ ಇಟ್ಟದ್ದು ಚಲೋ ಆತು. ಗ್ವಾಡಿಗೆ ಹಚ್ಚಿ ಒಟ್ಟಿದ್ರ ಗೆದ್ದಲು ಬಾಗಿಲ ಚೌಕಟ್ಟಿಗೆ ದಾಟತೈತಿ.

ವರದಾ ದಂಡಿ, ಹಾವೇರಿ

ತಾಡಪತ್ರಿ ಬರೂ ಮೊದಲು ಹೊಚ್ಚತಿದ್ದ ಸಾಮಾನಿನ ಬಗ್ಗೆನೂ ಒಂದು ಮಾತು ಬರಲಿ. ಕಬ್ಬಿನ ರವದಿ, ತೆಂಗಿನ ಗರಿ, ಜೋಳದ ಕಣಿಕಿ. ಹುಲ್ಲಿನ ಹೊದಿಕಿ ಬಿಸಿಲಿಗೆ ತಣ್ಣಗ, ಒಳಗ ಹನಿಗಟ್ಟೂದಿಲ್ಲ, ಆವಿ ತಾನ ಹೊರಗ ಹೋಗತೈತಿ. ಆದ್ರ ಇಳಿಜಾರು ಕಡಿದಿರಬೇಕು, ಅಡ್ಡ ಒಂದು ಫೂಟಿಗೆ ಎತ್ತರ ಒಂದು ಫೂಟು. ಬಣವಿ ತಲಿ ಹಂಗ್ಯಾಕ ಮಾಡತಾರ ಅಂದ್ರ ನೀರು ನಿಲ್ಲದ ಜಾರಲಿ ಅಂತ. ತಳದ ಅಂಚಿನಿಂದ ಶುರು ಮಾಡಿ ಮ್ಯಾಲಿನ ಸಾಲು ಕೆಳಗಿನ ಸಾಲಿನ ಅರ್ಧ ಮುಚ್ಚೂವಂಗ ಏರಿಸ್ಕೋತ ಹೋಗಬೇಕು, ಒತ್ತಿದ ಮ್ಯಾಲೆ ಮುಕ್ಕಾಲು ಫೂಟು ದಪ್ಪ ಉಳೀಬೇಕು. ನಾಲ್ಕು ಫೂಟು ಅಗಲದ ಸಪಾಟು ಒಟ್ಟಿಲಿಗೆ ಇದು ಹೊಂದೂದಿಲ್ಲ. ಒಲಿ ಕಿಡಿ ಹಾರೂ ಜಾಗದಾಗಂತೂ ಬ್ಯಾಡ, ಇಲಿಯೂ ಸೇರತಾವ. ಕಣಿಕಿ ದನದ ಮೇವು, ಅದನ್ನ ಮಳಿಗೆ ಕೊಳಸೂದು ನ್ಯಾಯ ಅಲ್ಲ.

ನಿಮಗ ಇದು ಬೇರೆ ರೀತಿ ಉಪಯೋಗಕ್ಕ ಬರತೈತಿ. ಜಾಲಿ ಮುಳ್ಳು ಎಂಥಾ ತಾಡಪತ್ರಿನೂ ಚುಚ್ಚತೈತಿ. ನೆತ್ತಿ ಮ್ಯಾಲೆ, ಬಿದಿರಿನ ಗಳಕ್ಕೂ ತಾಡಪತ್ರಿಗೂ ನಡುವ, ಖಾಲಿ ಗೊಬ್ಬರ ಚೀಲ ಬಿಚ್ಚಿ ಹಾಸ್ರಿ. ಗಳದ ಗೆಣ್ಣು, ಕೊಯ್ದ ತುದಿ ಎಲ್ಲೆಲ್ಲಿ ತಾಗತಾವೋ ಅಲ್ಲಿ ಚೀಲ ಎರಡು ಮಡಿಕಿ ಸುತ್ತಿ ಕಟ್ರಿ. ತಾಡಪತ್ರಿ ಹರಿಯೋದು ನಡುವಲ್ಲ, ತಿಕ್ಕಾಟ ಆಗೋ ಆ ನಾಲ್ಕೈದು ಜಾಗದಾಗ.

ಹತ್ತಿಕಟ್ಟಿಗಿ ಒಟ್ಟೋರು ಒಂದು ಗಮನಿಸಬೇಕು. ಗಿಡದಾಗ ಉಳಿದ ಅರೆಬಿರಿದ ಕಾಯಿಯೊಳಗ ಗುಲಾಬಿ ಕಾಯಿಕೊರಕದ ಹುಳ ಕೂತಿರತಾವ. ಒಟ್ಟಿಲು ಹೊಚ್ಚಿ ಕಾಪಾಡಿದ್ರ ಹುಳಾನೂ ಕಾಪಾಡಿದಂಗ, ಮುಂದಿನ ಬಿತ್ತಿಗಿಗೆ ಅಲ್ಲಿಂದನ ಚಿಟ್ಟಿ ಎದ್ದು ಬರತಾವ. ಹತ್ತಿಕಟ್ಟಿಗಿ ಬ್ಯಾಸಗ್ಯಾಗನ ಮೊದಲು ಉರಿಸಿ ಮುಗಿಸ್ರಿ, ಜಾಲಿ ಮಳಿಗಾಲಕ್ಕ ಇರಲಿ. ಹೊಲದ ಬದುವಿನ ಮ್ಯಾಲಂತೂ ಒಟ್ಟಬ್ಯಾಡ್ರಿ. ಗೋವಿನಜೋಳದ ಕಾಳು ಬಿಡಿಸಿದ ದಿಂಡು, ಕುಳ್ಳು ಇವೆರಡೂ ಸ್ಪಂಜಿನಂಗ ನೀರು ಹೀರತಾವ, ಅವಕ್ಕ ಬಯಲು ಒಟ್ಟಿಲು ಸರಿಯಲ್ಲ, ಚೀಲ ತುಂಬಿ ಸೂರಿನ ಕೆಳಗ ಇಡಬೇಕು.

ನವಲೂರ ಪೇರಲ, ಧಾರವಾಡ

ಎಲ್ಲಾ ಅಣ್ಣಾರಿಗೂ ಭಾಳ ಉಪಕಾರ ಆತು. ಈ ವರ್ಷ ತಗಡಿನ ಖರ್ಚು ಆಗೂದಿಲ್ಲ, ಸಿಲ್ಪಾಲಿನ್ ತರತೀವಿ. ಎರಡು ಅನುಮಾನ. 12 × 15 ಸಾಕಾಗತೈತೇನು? ಕಟ್ಟೂದು ಹೆಂಗ? ಹೋದ ಸಲ ತಾಡಪತ್ರಿ ಅಂಚಿಗೆ ಹಗ್ಗ ಹಾಕೋ ಕಣ್ಣುಗಳೆಲ್ಲಾ ಕಿತ್ತು ಬಂದಿದ್ದು. ಮತ್ತ ಪುಷ್ಯ, ಆಶ್ಲೇಷದಾಗ ಇಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡೀತೈತಿ, ಆಗೂ ಬದಿ ಖುಲ್ಲಾನ ಬಿಡಬೇಕೇನು?

ಉಣಕಲ್ ಕೆರಿ, ಹುಬ್ಬಳ್ಳಿ

ಸಾಕ್ರಿ ಅಕ್ಕಾರ. 12 ಫೂಟು ಒಟ್ಟಿಲಿಗೆ ಹದಿನಾಲ್ಕೂವರಿ ಬಂದ್ರ ಎರಡೂ ತುದಿಗೆ ಒಂದೂಕಾಲು ಫೂಟು ಇಳಿಬೀಳತೈತಿ. ಗರಸು ಹಾಕಿ ತಿರುಗಿ ಒಟ್ಟುವಾಗ ಮೂಡಲ ಬದಿ ಐದೂವರಿ ಫೂಟು, ಪಡುವಲ ಬದಿ ನಾಲ್ಕೂವರಿ ಫೂಟು ಮಾಡ್ರಿ. ನೀರು ಹೊಲದ ಕಡೆ ಇಳೀತೈತಿ, ಮನಿ ಕಡೆ ರಾಡಿ ಆಗೂದಿಲ್ಲ. ಅಗಲದಾಗ ಇಳಿಜಾರಿಗೆ ನಾಲ್ಕು ಫೂಟು ಚಿಲ್ಲರೆ, ಮೂಡಲಕ್ಕ ಒಂದು ಫೂಟು ಹೋದ ಮ್ಯಾಲೆ ಪಡುವಲಕ್ಕ ಆರು ಫೂಟು ಉಳೀತೈತಿ. ಅದನ್ನ ಕೊಯ್ಯಬ್ಯಾಡ್ರಿ. ಆ ಅಂಚಿಗೆ 15 ಫೂಟಿನ ಬಿದಿರು ಕಟ್ಟಿ ಚಾಪಿ ಸುತ್ತಿದಂಗ ಸುತ್ತಿ, ಎರಡು ಫೂಟು ಮಾತ್ರ ಇಳಿಬಿಡ್ರಿ. ಸುರುಳಿನ ಮೂರು ಕಡೆ ದಾರದಿಂದ ಜೋತುಬಿಡ್ರಿ. ಜಿಟಿಜಿಟಿ ಹಿಡಿದಾಗ ಬಿಚ್ಚಿ ಮುಕ್ಕಾಲು ಮೈ ಮುಚ್ಚೂವಂಗ ಇಳಸ್ರಿ, ಕೆಳಗ ಒಂದು ಫೂಟು ಸಂದು ಬಿಟ್ಟು. ಹೊಳವು ಆದ ದಿನ ತಿರುಗಿ ಸುತ್ತಿ ಮ್ಯಾಲೆ ಏರಿಸ್ರಿ. ಒಬ್ಬಾಕಿನ ಮಾಡೋ ಕೆಲಸ ಅದು. ಮೂಡಲ ಬದಿ ಯಾವಾಗ್ಲೂ ಖುಲ್ಲಾ. ಹಸ್ತ, ಚಿತ್ತಿ ಮಳಿ ಮೂಡಲಿಂದ ಹೊಡದ್ರ ಆಗ ಆ ಕಡೆ ಎರಡು ಚೀಲ ಇಳಿಬಿಟ್ರ ಸಾಕು.

ಕಣ್ಣು ಕಿತ್ತು ಬರೂದು ಹಗ್ಗ ಬಿಗಿ ಆಗಿದ್ದಕ್ಕ. ಗಾಳಿ ತಾಡಪತ್ರಿನ ಉಬ್ಬಿಸಿ ಜಗ್ಗಿದಾಗ ಹಗ್ಗ ಹಿಗ್ಗೂದಿಲ್ಲ, ಕಣ್ಣೇ ಹರೀತೈತಿ. ಹಳೇ ಸೈಕಲ್ ಟ್ಯೂಬ್ ಒಂದು ಇಂಚು ಅಗಲ ಉಂಗುರದಂಗ ಕತ್ತರಿಸಿ, ಕಣ್ಣಿಗೊಂದು ಹಾಕಿ, ಹಗ್ಗನ ಆ ಉಂಗುರಕ್ಕ ಕಟ್ರಿ. ಜಗ್ಗಿದಾಗ ರಬ್ಬರ್ ಜಗ್ಗತೈತಿ. ಕಣ್ಣು ಹೋದ ಜಾಗದಾಗ ನಿಂಬಿಹಣ್ಣಿನಷ್ಟು ದುಂಡನ ಕಲ್ಲು ತಾಡಪತ್ರಿ ಒಳಗಿಂದ ಇಟ್ಟು, ಹೊರಗಿಂದ ಕುತ್ತಿಗಿಗೆ ಹಗ್ಗ ಬಿಗೀರಿ, ಹೊಸ ಕಣ್ಣಿಗಿಂತ ಗಟ್ಟಿ.

ನೆತ್ತಿ ಮ್ಯಾಲೆ ಕಲ್ಲು, ಇಟ್ಟಂಗಿ ಇಡಬ್ಯಾಡ್ರಿ. ಇಟ್ಟಲ್ಲಿ ತಗ್ಗಾಗಿ ನೀರು ನಿಲ್ಲತೈತಿ, ನಿಂತ ನೀರಿನ ಭಾರಕ್ಕ ಇನ್ನೂ ತಗ್ಗಾಗತೈತಿ. ಟೈರ್ ಇಟ್ರ ಅದರೊಳಗ ಸೊಳ್ಳಿ ಮರಿ. ಅದರ ಬದಲು ಗೊಬ್ಬರ ಚೀಲದಾಗ 10 ಕಿಲೋ ಉಸುಕು ತುಂಬಿ ಹಗ್ಗದ ತುದಿಗೆ ಕಟ್ಟಿ, ನೆಲದಿಂದ ಒಂದು ಫೂಟು ಮ್ಯಾಲೆ ಜೋತುಬಿಡ್ರಿ. ಎರಡೂ ಉದ್ದ ಬದಿಗೆ ನಾಲ್ಕು ನಾಲ್ಕು. ಗಾಳಿ ಎತ್ತಿದ್ರ ಚೀಲ ಏರತೈತಿ, ನಿಂತ್ರ ಇಳೀತೈತಿ.

ಕಪ್ಪತಗುಡ್ಡ, ಗದಗ

ಒಂದೇ ಮಾತು ಸೇರಸ್ತೀನಿ. ಬುಡಕ್ಕ ಆರು ಇಂಚು ಸಂದು ಬಿಟ್ಟ ಮ್ಯಾಲೆ ಅಲ್ಲಿ ಹಾವು, ಚೇಳು ಸೇರೂದು ಇದ್ದದ್ದೇ. ಎರಡೂ ಕಡೆಯಿಂದ ಬ್ಯಾಟರಿ ಬೆಳಕು ಆರಪಾರ ಕಾಣೂವಂಗ ಸಂದು ಖಾಲಿ ಇರಲಿ, ತೊಗಟಿ ಚೂರು, ಎಲಿ ಕೂಡಿಸಬ್ಯಾಡ್ರಿ. ಸುತ್ತ ಮೂರು ಫೂಟು ಹುಲ್ಲು ಕಿತ್ತಿರಲಿ. ಕಟ್ಟಿಗಿ ಮೂಡಲ ಬದಿಯ ಮ್ಯಾಲಿನ ಸಾಲಿನಿಂದ ತಗೀರಿ, ನಡುವ ಕೈ ಹಾಕಿ ಜಗ್ಗಬ್ಯಾಡ್ರಿ. ಮುಂಜಾನೆ ಕತ್ತಲಾಗ ಒಲಿ ಹಚ್ಚೋರು ಹಿಂದಿನ ಸಂಜೀನ ಬೆಳಕಿದ್ದಾಗ ಮರುದಿನದ ಕಟ್ಟಿಗಿ ಒಲಿ ಹತ್ರ ತಂದು ಇಟ್ಟುಕೋರಿ. ರಾತ್ರಿಯಿಡೀ ಬೆಚ್ಚಗಿದ್ದು ಮ್ಯಾಲಿನ ತೇವನೂ ಆರಿರತೈತಿ, ಒಲಿ ಹೊಗಿ ಇಲ್ಲದ ಹತ್ತತೈತಿ.